ಕಾರ್ಯನಿಮಿತ್ತ ಪ್ರಯಾಣದೊಡನೆ ಕಿರುವಿಹಾರ (ವಿಜಯಪುರ ಜಿಲ್ಲೆ)

ಕಾರ್ಯನಿಮಿತ್ತ ಪ್ರಯಾಣದೊಡನೆ ಕಿರುವಿಹಾರ ಎಂದರೆ ಕಚೇರಿ, ವ್ಯಾಪಾರ, ತರಬೇತಿ, ಪರೀಕ್ಷೆ ಅಥವಾ ನ್ಯಾಯಾಲಯದ ಕೆಲಸಕ್ಕಾಗಿ ಪರಊರಿಗೆ ಹೋದವರು ಆ ಕೆಲಸದ ಹಿಂದೆ ಅಥವಾ ಮುಂದೆ ಕೆಲವು ಗಂಟೆಗಳನ್ನೋ ಒಂದೆರಡು ದಿನಗಳನ್ನೋ ವಿಶ್ರಾಂತಿಗಾಗಿ ಸೇರಿಸಿಕೊಳ್ಳುವ ಪದ್ಧತಿ. ಇಂಗ್ಲಿಷಿನ ಬಿಸಿನೆಸ್ ಮತ್ತು ಲೀಷರ್ ಎಂಬ ಪದಗಳನ್ನು ಬೆಸೆದು ಇದನ್ನು 'ಬ್ಲೀಷರ್' ಎಂದೂ ಕರೆಯುತ್ತಾರೆ. ಕರ್ನಾಟಕದ ವಿಜಯಪುರ ಜಿಲ್ಲೆಯಲ್ಲಿ ಇಂತಹ ವಿಹಾರಕ್ಕೆ ಹೊಂದುವ ಸ್ಥಳಗಳು ಹಲವಾರಿವೆ. ಬೇಸಿಗೆಯ ಬಿಸಿಲು, ಸ್ಥಳಗಳ ನಡುವಿನ ಅಂತರ ಮತ್ತು ಮರಳುವ ವಾಹನದ ಸಮಯ ಇವು ಮೂರನ್ನೂ ಲೆಕ್ಕ ಹಾಕಿ ಆಯ್ಕೆ ಮಾಡದಿದ್ದರೆ ವಿಹಾರವೇ ಇನ್ನೊಂದು ದಣಿವಿಗೆ ಕಾರಣವಾಗುತ್ತದೆ.

ಹಿನ್ನೆಲೆ

ಪದ್ಧತಿಗೆ ಹೊಸ ಹೆಸರು ಬಂದಿದ್ದರೂ ಆಚರಣೆ ಹಳೆಯದು. ಜಾತ್ರೆಗೆ ದನಗಳನ್ನು ಮಾರಲು ಬಂದ ರೈತರು ದೇವರ ದರ್ಶನ ಮುಗಿಸಿ, ರಾತ್ರಿ ಬಯಲಾಟ ನೋಡಿ, ಮರುದಿನ ಊರಿಗೆ ಮರಳುವುದು ಉತ್ತರ ಕರ್ನಾಟಕದ ವಾಡಿಕೆ. ವಿಜಯಪುರವನ್ನು ಆಳಿದ ಆದಿಲ್‌ಶಾಹಿ ಅರಸರೂ ರಾಜಧಾನಿಯ ಗದ್ದಲದಿಂದ ದೂರವಿರಲು ನಗರದ ಹೊರವಲಯದಲ್ಲಿ ವಿಹಾರತಾಣಗಳನ್ನು ನಿರ್ಮಿಸಿಕೊಂಡಿದ್ದರು. ನಗರದ ಪೂರ್ವಕ್ಕಿರುವ ಕುಮಟಗಿ ಮತ್ತು ಪಶ್ಚಿಮದಲ್ಲಿ ತೊರವಿಯ ಬಳಿಯಿರುವ ನವರಸಪುರದ ಅವಶೇಷಗಳು ಇದಕ್ಕೆ ಸಾಕ್ಷಿಯಾಗಿವೆ.

ಇಂದು ಜಿಲ್ಲೆಗೆ ಕೆಲಸದ ಮೇಲೆ ಬರುವವರ ಉದ್ದೇಶಗಳು ಬೇರೆ ಬೇರೆ. ಇಂಡಿ ಭಾಗಕ್ಕೆ ನಿಂಬೆಹಣ್ಣಿನ ವ್ಯಾಪಾರಿಗಳು, ವಿಜಯಪುರಕ್ಕೆ ಒಣದ್ರಾಕ್ಷಿಯ ಖರೀದಿದಾರರು, ಕೂಡಗಿಯ 2400 ಮೆಗಾವ್ಯಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಸ್ಥಾವರಕ್ಕೆ ತಂತ್ರಜ್ಞರು, 2003ರಲ್ಲಿ ಸ್ಥಾಪನೆಯಾದ ಮಹಿಳಾ ವಿಶ್ವವಿದ್ಯಾಲಯಕ್ಕೆ ಅಧ್ಯಾಪಕರು ಮತ್ತು ಪರೀಕ್ಷಕರು ಬರುತ್ತಾರೆ. ಕೆಲಸ ಮುಗಿದೊಡನೆ ಬಸ್ ನಿಲ್ದಾಣದ ಬೆಂಚಿನ ಮೇಲೆಯೇ ಉಳಿದ ಸಮಯವನ್ನು ಕಳೆದು, ಜಿಲ್ಲೆಯಲ್ಲಿ ಬಿಸಿಲು ಮತ್ತು ಧೂಳನ್ನು ಮಾತ್ರ ಕಂಡು ಹೋಗುವವರು ಇವರಲ್ಲಿ ಕಡಿಮೆಯೇನಿಲ್ಲ.

ಆಯ್ಕೆಯ ಮಾನದಂಡಗಳು

ಉಳಿದ ಸಮಯ: ಕೆಲಸ ಮುಗಿಯುವ ಹೊತ್ತಿನಿಂದ ಮರಳುವ ರೈಲು ಅಥವಾ ಬಸ್ಸಿನ ಹೊತ್ತಿನವರೆಗಿನ ಗಂಟೆಗಳೇ ಮೊದಲ ಲೆಕ್ಕ. ಇದರಲ್ಲಿ ಊಟ, ಸ್ನಾನ ಮತ್ತು ವಾಹನಕ್ಕಾಗಿ ಕಾಯುವ ವೇಳೆಯನ್ನು ಕಳೆದು ಉಳಿಯುವುದೇ ವಿಹಾರದ ಕಾಲ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ದಾರಿಯಲ್ಲೇ ಕಳೆಯುವಂತಿದ್ದರೆ ಆ ಸ್ಥಳವನ್ನು ಬಿಡುವುದು ಲೇಸು.

ದಿಕ್ಕು: ಮರಳುವ ದಾರಿಯಲ್ಲಿರುವ ಸ್ಥಳವನ್ನು ಆರಿಸಿಕೊಂಡರೆ ಬಂದ ದಾರಿಯನ್ನೇ ಮತ್ತೆ ತುಳಿಯುವ ಶ್ರಮ ತಪ್ಪುತ್ತದೆ. ಗದಗ–ಹೋಟಗಿ ರೈಲುಮಾರ್ಗವು ಬಾದಾಮಿ, ಬಾಗಲಕೋಟೆ, ಆಲಮಟ್ಟಿ ಮತ್ತು ವಿಜಯಪುರಗಳ ಮೂಲಕ ಹಾದುಹೋಗುತ್ತದೆ. ಆದ್ದರಿಂದ ಹುಬ್ಬಳ್ಳಿ, ಬೆಂಗಳೂರುಗಳ ಕಡೆಗೆ ಮರಳುವವರಿಗೆ ಆಲಮಟ್ಟಿ ಹಾಗೂ ಬಾದಾಮಿ ಅನುಕೂಲ. ಕಲಬುರಗಿ, ಹೈದರಾಬಾದುಗಳ ಕಡೆಗೆ ಹೊರಟವರಿಗೆ ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದ ಬಳಿಯಿರುವ ಗಾಣಗಾಪುರದ ದತ್ತಾತ್ರೇಯ ಕ್ಷೇತ್ರ ಅಥವಾ ಕಲಬುರಗಿಯ ಬಹಮನಿ ಕೋಟೆ ಹೆಚ್ಚು ಹೊಂದುತ್ತದೆ.

ಋತು: ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಜಿಲ್ಲೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಆಗ ಬೆಳಗಿನ ಮೊದಲ ಗಂಟೆಗಳು ಮತ್ತು ಸಂಜೆ ಮಾತ್ರ ತಿರುಗಾಟಕ್ಕೆ ಯೋಗ್ಯ. ಮಧ್ಯಾಹ್ನ ಕೋಣೆಯಲ್ಲಿ ಮಲಗುವುದೇ ನಿಜವಾದ ವಿಶ್ರಾಂತಿ. ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಹವೆ ಹಿತಕರವಾಗಿರುತ್ತದೆ. ಸಂಕ್ರಾಂತಿಯ ಸುಮಾರಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ ನಡೆಯುವುದರಿಂದ ಆ ದಿನಗಳಲ್ಲಿ ವಸತಿಯನ್ನು ಮುಂಚಿತವಾಗಿ ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು.

ವಾರ: ಗೋಲಗುಮ್ಮಟದ ಆವರಣದಲ್ಲಿರುವ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಶುಕ್ರವಾರ ಕೆಲಸ ಮುಗಿಸಿದವರು ಅದನ್ನು ಶನಿವಾರಕ್ಕೆ ಇಟ್ಟುಕೊಳ್ಳಬೇಕಾಗುತ್ತದೆ.

ಸ್ವಭಾವ: ದಿನವಿಡೀ ಜನರೊಡನೆ ಮಾತನಾಡಿ ಬಳಲಿದವರಿಗೆ ಏಕಾಂತ ಬೇಕು, ದಿನವಿಡೀ ಕುರ್ಚಿಯಲ್ಲಿ ಕುಳಿತವರಿಗೆ ನಡಿಗೆ ಬೇಕು. ಎಲ್ಲರೂ ಹೊಗಳುವ ಸ್ಥಳಕ್ಕಿಂತ ಆ ದಿನದ ದಣಿವನ್ನು ಕಳೆಯುವ ಸ್ಥಳವೇ ಮೇಲು.

ಅರ್ಧ ದಿನದ ವಿಹಾರ

ವಿಜಯಪುರ ನಗರದಲ್ಲಿ ನಾಲ್ಕೈದು ಗಂಟೆಗಳಷ್ಟೇ ದೊರೆತರೆ ಎರಡು ಸ್ಥಳಗಳು ಸಾಕು. ಮೊಹಮ್ಮದ್ ಆದಿಲ್‌ಶಾಹನ (ಆಳ್ವಿಕೆ 1627–1656) ಸಮಾಧಿಯಾದ ಗೋಲಗುಮ್ಮಟದ ಗುಮ್ಮಟವು ಹೊರಗಿನಿಂದ ಸುಮಾರು 44 ಮೀಟರ್ ವ್ಯಾಸವುಳ್ಳದ್ದು. ಅದರ ಒಳಸುತ್ತಿನ ಪಿಸುಗುಟ್ಟುವ ಮೊಗಸಾಲೆಯಲ್ಲಿ ಒಂದು ಬದಿಯಲ್ಲಿ ಮೆಲ್ಲಗೆ ಆಡಿದ ಮಾತು ಎದುರು ಬದಿಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಜನಸಂದಣಿ ಹೆಚ್ಚಿದಾಗ ಕೂಗಾಟದಲ್ಲಿ ಈ ಅನುಭವ ಸಿಗುವುದಿಲ್ಲವಾದ್ದರಿಂದ ಬೆಳಗಿನ ಭೇಟಿ ಉತ್ತಮ. ಮೂಲೆಯ ಗೋಪುರಗಳ ಕಿರಿದಾದ, ಕಡಿದಾದ ಮೆಟ್ಟಿಲುಗಳನ್ನು ಹತ್ತಬೇಕಾಗಿರುವುದರಿಂದ ಮೊಣಕಾಲು ನೋವಿದ್ದವರು ಕೆಳಗಿನ ಉದ್ಯಾನದಲ್ಲಿ ಕುಳಿತು ವಿಶ್ರಮಿಸಬಹುದು.

ಏಕಾಂತ ಬಯಸುವವರಿಗೆ ನಗರದ ಪಶ್ಚಿಮ ಭಾಗದ ಇಬ್ರಾಹಿಂ ರೋಜಾ ಹೆಚ್ಚು ಒಪ್ಪುತ್ತದೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ (ಆಳ್ವಿಕೆ 1580–1627) ಸಮಾಧಿ ಮತ್ತು ಮಸೀದಿ ಇಲ್ಲಿ ಒಂದೇ ಜಗತಿಯ ಮೇಲೆ ಎದುರುಬದುರಾಗಿವೆ. ನಡುವೆ ಕಾರಂಜಿಯ ಕೊಳವಿದೆ. ಸಂಜೆಯ ಓರೆಬಿಸಿಲಿನಲ್ಲಿ ಇದರ ಕಲ್ಲಿನ ಕೆತ್ತನೆಗಳು ಎದ್ದು ಕಾಣುತ್ತವೆ.

ಒಂದು ದಿನದ ವಿಹಾರ

ಕೃಷ್ಣಾ ನದಿಗೆ ಕಟ್ಟಿದ ಆಲಮಟ್ಟಿ ಅಣೆಕಟ್ಟೆಯು ವಿಜಯಪುರದಿಂದ 60 ಕಿ.ಮೀ.ಗೂ ಸ್ವಲ್ಪ ಹೆಚ್ಚು ದೂರದಲ್ಲಿದೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಈ ಜಲಾಶಯಕ್ಕೆ ಅವರ ಹೆಸರನ್ನೇ ಇಡಲಾಗಿದೆ. ಇಲ್ಲಿ ಶಿಲಾ ಉದ್ಯಾನ ಮತ್ತಿತರ ಉದ್ಯಾನಗಳೂ ಸಂಗೀತ ಕಾರಂಜಿಯೂ ಇವೆ. ಕಾರಂಜಿಯ ಸೊಬಗು ಕತ್ತಲಾದ ಮೇಲಿನದು. ಅದೇ ಸಂಜೆ ದೂರದ ರೈಲು ಹಿಡಿಯಬೇಕಾದವರು ಅದರ ಆಸೆ ಬಿಟ್ಟು ಹಗಲಿನಲ್ಲಿ ಜಲಾಶಯ ಮತ್ತು ಉದ್ಯಾನಗಳನ್ನು ನೋಡಿ ಹೊರಡುವುದು ಕ್ಷೇಮ. ಮಳೆಗಾಲದ ಕೊನೆಯ ತಿಂಗಳುಗಳಲ್ಲಿ ಜಲಾಶಯ ತುಂಬಿರುತ್ತದೆ.

ಆಲಮಟ್ಟಿಯಿಂದ ಸುಮಾರು 15 ಕಿ.ಮೀ. ದೂರದಲ್ಲಿ ಕೃಷ್ಣಾ ಮತ್ತು ಮಲಪ್ರಭಾ ನದಿಗಳು ಕೂಡುವ ಕೂಡಲಸಂಗಮವಿದೆ. ಇಲ್ಲಿ ಸಂಗಮನಾಥ ದೇವಾಲಯ ಮತ್ತು ಬಸವಣ್ಣನವರ ಐಕ್ಯಮಂಟಪವಿವೆ. ಅಣೆಕಟ್ಟೆಯಿಂದ ನೀರು ಬಿಡುವ ದಿನಗಳಲ್ಲಿ ನದಿಗೆ ಇಳಿಯುವುದು ಅಪಾಯಕರ. ಬಸವಣ್ಣನವರ ಜನ್ಮಸ್ಥಳವಾದ ಬಸವನ ಬಾಗೇವಾಡಿಯು ವಿಜಯಪುರದಿಂದ ಸುಮಾರು 43 ಕಿ.ಮೀ. ದೂರದಲ್ಲಿದ್ದು, ಒಂದೇ ದಿನದಲ್ಲಿ ಬಾಗೇವಾಡಿ ಮತ್ತು ಸಂಗಮ ಎರಡನ್ನೂ ನೋಡಿ ಬರುವವರಿದ್ದಾರೆ.

ಎರಡು ದಿನಗಳ ವಿಹಾರ

ಎರಡು ದಿನಗಳಿದ್ದರೆ ಬಾಗಲಕೋಟೆ ಜಿಲ್ಲೆಯ ಬಾದಾಮಿಯಲ್ಲಿ ಒಂದು ರಾತ್ರಿ ತಂಗಬಹುದು. ಅಲ್ಲಿನ ಮೂರನೆಯ ಗುಹಾದೇವಾಲಯದಲ್ಲಿ 578ರ ಶಾಸನವಿದೆ. 1987ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲು ಅಲ್ಲಿಂದ ಸುಮಾರು 22 ಕಿ.ಮೀ. ದೂರದಲ್ಲಿದೆ. ಐಹೊಳೆಯನ್ನೂ ಸೇರಿಸಿ ಮೂರನ್ನೂ ಒಂದೇ ದಿನದಲ್ಲಿ ಮುಗಿಸಹೊರಟರೆ ಅದು ವಿಹಾರವಾಗದೆ ಓಟವಾಗುತ್ತದೆ.

ಉದಾಹರಣೆ: ಕನ್ನೊಳ್ಳಿಯಿಂದ ಮರಳುವ ದಾರಿ

ಸಿಂದಗಿ ತಾಲ್ಲೂಕಿನ ಕನ್ನೊಳ್ಳಿ ಗ್ರಾಮವು ವಿಜಯಪುರ–ಕಲಬುರಗಿ ರಾಷ್ಟ್ರೀಯ ಹೆದ್ದಾರಿಯಲ್ಲಿದೆ. ಅಲ್ಲಿಯ ಶಾಲೆಯ ತಪಾಸಣೆಗೋ ತೊಗರಿ ಖರೀದಿಗೋ ಬಂದು, ಮಧ್ಯಾಹ್ನಕ್ಕೆ ಕೆಲಸ ಮುಗಿಸಿ, ರಾತ್ರಿ ವಿಜಯಪುರದಲ್ಲಿ ರೈಲು ಹತ್ತಬೇಕಾದ ಒಬ್ಬರನ್ನು ಊಹಿಸಬಹುದು. ಆಲಮಟ್ಟಿಗೆ ಹೋದರೆ ನಗರವನ್ನು ದಾಟಿ ಹೋಗಿ ಬರಲು ನೂರಿಪ್ಪತ್ತು ಕಿ.ಮೀ.ಗೂ ಹೆಚ್ಚಿನ ಪ್ರಯಾಣ ಬೀಳುತ್ತದೆ.  ಅವರಿಗೆ ತಕ್ಕ ಸ್ಥಳ ಕುಮಟಗಿ. ಅದು ವಿಜಯಪುರಕ್ಕೆ ಮರಳುವ ದಿಕ್ಕಿನಲ್ಲೇ, ನಗರಕ್ಕೆ ಸುಮಾರು 20 ಕಿ.ಮೀ. ಮೊದಲು ಸಿಗುತ್ತದೆ.

ಕುಮಟಗಿಯಲ್ಲಿ ಕೆರೆ, ನೀರಿನ ನಡುವಿನ ಮಂಟಪ ಮತ್ತು ನೀರೆತ್ತರದ ಗೋಪುರಗಳಿವೆ. ಗೋಪುರಗಳಿಂದ ಕೊಳವೆಗಳ ಮೂಲಕ ನೀರನ್ನು ಹರಿಸಿ ಮಂಟಪದಲ್ಲಿ ತುಂತುರಾಗಿ ಚಿಮ್ಮಿಸುವ ವ್ಯವಸ್ಥೆ ಇದ್ದಿತು. ಒಳಗೋಡೆಗಳಲ್ಲಿದ್ದ ವರ್ಣಚಿತ್ರಗಳನ್ನು ಹೆನ್ರಿ ಕಸಿನ್ಸ್ 1916ರಲ್ಲಿ ಪ್ರಕಟವಾದ ವಿಜಯಪುರದ ವಾಸ್ತುಶಿಲ್ಪ ಕುರಿತ ಗ್ರಂಥದಲ್ಲಿ ವಿವರಿಸಿದ್ದಾರೆ. ಇಂದು ಅವು ಬಹುಮಟ್ಟಿಗೆ ಮಾಸಿವೆ. ಗೋಡೆಗೆ ಕೈ ಒರಗಿಸುವುದು, ಹೆಸರು ಕೆತ್ತುವುದು ಉಳಿದ ಬಣ್ಣಕ್ಕೂ ಕುತ್ತು ತರುತ್ತದೆ. ಬಂದವರು ಒಂದು ಗಂಟೆ ಸುಮ್ಮನೆ ಕುಳಿತು ಹೊರಟರೂ ರೈಲಿಗೆ ಬೇಕಾದಷ್ಟು ಸಮಯ ಉಳಿಯುತ್ತದೆ. ಕುಡಿಯುವ ನೀರು ಮತ್ತು ತಿನಿಸನ್ನು ಜೊತೆಗೆ ಒಯ್ಯುವುದು ಒಳಿತು.

ಊಟ

ಈ ಭಾಗದ ಖಾನಾವಳಿಗಳಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಕಾಳಿನ ಪಲ್ಯ, ಶೇಂಗಾ ಹಿಂಡಿ ಮತ್ತು ಮೊಸರಿನ ಊಟ ದೊರೆಯುತ್ತದೆ. ಖಾರದ ರೂಢಿಯಿಲ್ಲದವರು ಮೊಸರು, ಮಜ್ಜಿಗೆಯನ್ನು ಹೆಚ್ಚು ಬಳಸುವುದು ವಾಡಿಕೆ. ಶೇಂಗಾ ಹೋಳಿಗೆಯು ಕೆಲವು ದಿನ ಕೆಡದೆ ಉಳಿಯುವುದರಿಂದ ಮನೆಯವರಿಗೆ ಒಯ್ಯಲು ಅನುಕೂಲ.

ಖರ್ಚು ಮತ್ತು ಹೊಣೆ

ಕಚೇರಿಯ ಪ್ರಯಾಣಭತ್ಯೆ ಕೆಲಸದ ಅವಧಿಗೆ ಸಂಬಂಧಿಸಿದ್ದು. ವಿಹಾರದ ವಾಹನ, ವಸತಿ, ಊಟಗಳ ಖರ್ಚನ್ನು ಪ್ರತ್ಯೇಕವಾಗಿ ಬರೆದಿಡುವುದು ಮತ್ತು ಹೆಚ್ಚಿನ ದಿನಕ್ಕೆ ಮುಂಚಿತವಾಗಿ ರಜೆ ಪಡೆಯುವುದು ಮುಂದಿನ ತಕರಾರುಗಳನ್ನು ತಪ್ಪಿಸುತ್ತದೆ. ವಿಹಾರವನ್ನು ಕೆಲಸದ ಮೊದಲು ಇಟ್ಟುಕೊಂಡರೆ ಮನಸ್ಸು ಮುಂದಿನ ಕೆಲಸದಲ್ಲೇ ಇರುತ್ತದೆ; ವಾಹನ ತಡವಾದರೆ ಕೆಲಸವೂ ಕೆಡುತ್ತದೆ. ಆದುದರಿಂದ ಸಾಮಾನ್ಯವಾಗಿ ಕೆಲಸದ ನಂತರದ ವಿಹಾರವೇ ಸೂಕ್ತ. ಮನೆಯಲ್ಲಿ ವೃದ್ಧರು ಅಥವಾ ಚಿಕ್ಕ ಮಕ್ಕಳು ದಾರಿ ಕಾಯುತ್ತಿದ್ದರೆ ಒಂದು ಸಂಜೆಯ ವಿಹಾರವೇ ಸಾಕಾಗುತ್ತದೆ. ಎರಡು ದಿನಗಳ ಬಾದಾಮಿಯನ್ನು ಅವರನ್ನೂ ಕರೆತರುವ ಇನ್ನೊಂದು ಪ್ರಯಾಣಕ್ಕೆ ಉಳಿಸಿಕೊಳ್ಳಬಹುದು.