ಚಳಿಗೆ ಗಾಡಿ ಮುನಿಸಿಕೊಂಡರೆ...

ಡಿಸೆಂಬರ್ ಬಂತೆಂದರೆ ಬೆಳಗಿನ ಹೊತ್ತು ಬೀದಿ ತುಂಬ ಒಂದೇ ಸದ್ದು. ಕಿರ್ರ್... ಕಿರ್ರ್... ಕಿರ್ರ್! ಯಾರದೋ ಮನೆಯ ಸ್ಕೂಟರ್ ಸ್ಟಾರ್ಟ್ ಆಗುತ್ತಿಲ್ಲ. ಮಗುವಿಗೆ ಸ್ಕೂಲಿನ ಹೊತ್ತಾಯಿತು, ಒಲೆಯ ಮೇಲೆ ಹಾಲು ಬೇರೆ. ಆಗ ನಾವು ಮಾಡೋದೇನು? "ರೀ, ಸ್ವಲ್ಪ ಬನ್ರೀ" ಅಂತ ಯಜಮಾನರನ್ನು ಕೂಗುತ್ತೇವೆ. ಅವರು ಊರಲ್ಲಿಲ್ಲದಿದ್ದರೆ ಪಕ್ಕದ ಮನೆ ಹುಡುಗನನ್ನು ಕಾಯುತ್ತೇವೆ. ಯೋಚಿಸಿ ನೋಡಿ, ಯಾರನ್ನೂ ಕಾಯದೆ ಹೊರಡಬೇಕು ಅಂತಲೇ ಅಲ್ಲವೇ ನಾವು ಗಾಡಿ ಕಲಿತದ್ದು?

ನಮ್ಮ ಇಡಗುಂಜಿ ಕಡೆಯವರು ಇದನ್ನು ಕೇಳಿದರೆ "ಕರಾವಳಿಯಲ್ಲಿ ಎಂಥಾ ಚಳಿ ಮಾರಾಯ್ತಿ!" ಎಂದು ನಗಬಹುದು. ನಿಜ, ಹೊನ್ನಾವರ ತಾಲ್ಲೂಕಿನ ಈ ಊರಿನ ಚಳಿ ಘಟ್ಟದ ಮೇಲಿನ ಸಿದ್ದಾಪುರ, ಶಿರಸಿಯ ಚಳಿಗೆ ಸಮನಲ್ಲ. ಆದರೆ ಇಲ್ಲಿ ಇಬ್ಬನಿಯಿದೆ, ಕಡಲಿನ ಉಪ್ಪುಗಾಳಿಯಿದೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮಹಾಗಣಪತಿಯ ಹೆಸರಿನಲ್ಲೇ ಯಕ್ಷಗಾನ ಮಂಡಳಿ ಕಟ್ಟಿದ ಸೀಮೆ ಇದು. ರಾತ್ರಿಯಿಡೀ ಆಟ ನೋಡಿ ಬೆಳಗಿನ ಜಾವ ಬಯಲಿಗೆ ಬಂದರೆ, ಸಾಲಾಗಿ ನಿಲ್ಲಿಸಿದ ಬೈಕುಗಳೆಲ್ಲ ಸ್ನಾನ ಮಾಡಿದಂತೆ ತೊಯ್ದಿರುತ್ತವೆ. ಒಂದಕ್ಕೆ ಒಂದೇ ಕಿಕ್ ಸಾಕು, ಪಕ್ಕದ್ದಕ್ಕೆ ಹತ್ತಾದರೂ ಸಾಲದು. ಯಾಕೆ ಹೀಗೆ?

ಉತ್ತರ ಅಡುಗೆಮನೆಯಲ್ಲೇ ಇದೆ!

ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆಯ ಬಾಟಲಿ ನೋಡಿದ್ದೀರಲ್ಲ? 24 ಡಿಗ್ರಿಗಿಂತ ತಂಪಾದರೆ ಅದು ಹೆಪ್ಪುಗಟ್ಟುತ್ತದೆ. ಎಂಜಿನ್ ಆಯಿಲ್ ಅಷ್ಟು ಬೇಗ ಗಟ್ಟಿಯಾಗುವುದಿಲ್ಲ, ಆದರೆ ಮಂದವಾಗುತ್ತದೆ. ಮಂದವಾದ ಎಣ್ಣೆಯಲ್ಲಿ ಎಂಜಿನ್ ತಿರುಗಿಸಲು ಹೆಚ್ಚು ಬಲ ಬೇಕು. ಇನ್ನು ದೋಸೆ ಹಿಟ್ಟು. ಚಳಿಗೆ ಅದು ಹುದುಗು ಬರಲು ತಡ ಮಾಡುವಂತೆ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆಯೂ ನಿಧಾನವಾಗುತ್ತದೆ. ಹೆಚ್ಚು ಬಲ ಬೇಕಾದಾಗಲೇ ಬ್ಯಾಟರಿಯ ಬಲ ಕಡಿಮೆ! ಮೂರನೆಯದು, ಒಗೆದ ಬಟ್ಟೆ. ತಂಪಿನಲ್ಲಿ ಬಟ್ಟೆ ಬೇಗ ಒಣಗದ ಹಾಗೆ ಪೆಟ್ರೋಲ್ ಕೂಡ ಬೇಗ ಆವಿಯಾಗುವುದಿಲ್ಲ. ಆವಿಯಾಗದಿದ್ದರೆ ಕಿಡಿ ತಗುಲಿದರೂ ಹತ್ತಿಕೊಳ್ಳುವುದಿಲ್ಲ. ಆ ಕೊರತೆ ತುಂಬಲೆಂದೇ ಹಳೆಯ ಗಾಡಿಗಳಲ್ಲಿ ಚೋಕ್ ಇರುವುದು. ಅದು ಗಾಳಿ ಕಡಿಮೆ ಮಾಡಿ ಪೆಟ್ರೋಲಿನ ಪಾಲು ಹೆಚ್ಚಿಸುತ್ತದೆ.

ಆದರೆ ಒಂದು ಮಾತು ನೆನಪಿಡಿ. ನಮ್ಮ ನಾಡಿನ ಚಳಿಗೆ ಆರೋಗ್ಯವಾಗಿರುವ ಗಾಡಿ ಕೈಕೊಡುವುದು ಅಪರೂಪ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಹಾಗಾಗಿ ದಿನಾ ಬೆಳಿಗ್ಗೆ ಗಾಡಿ ಸತಾಯಿಸುತ್ತಿದ್ದರೆ ಚಳಿಯನ್ನು ಬೈಯಬೇಡಿ. ಬ್ಯಾಟರಿಗೆ ವಯಸ್ಸಾಗಿರಬಹುದು, ಪ್ಲಗ್‌ನಲ್ಲಿ ಮಸಿ ಕಟ್ಟಿರಬಹುದು, ಆಯಿಲ್ ಬದಲಿಸದೆ ತಿಂಗಳುಗಳೇ ಆಗಿರಬಹುದು. ಮುಚ್ಚಿಟ್ಟ ದೋಷವನ್ನು ಚಳಿ ಹೊರಗೆ ತೋರಿಸುತ್ತದೆ, ಅಷ್ಟೇ.

ಬೆಳಿಗ್ಗೆ ಹೀಗೆ ಮಾಡಿ

* ಮೊದಲು ಗಾಡಿಯನ್ನು ಅಂಗಳಕ್ಕೆ ತನ್ನಿ. ಚಳಿಯೆಂದು ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗೊತ್ತಾಗುವ ಮೊದಲೇ ಜೀವ ತೆಗೆಯುತ್ತದೆ.

* ಸೆಂಟರ್ ಸ್ಟ್ಯಾಂಡ್ ಹಾಕಿ. ಹಳೆಯ ಗಾಡಿಯಾದರೆ ಕೀ ಹಾಕದೆಯೇ ಮೂರ್ನಾಲ್ಕು ಸಲ ನಿಧಾನವಾಗಿ ಕಿಕ್ ತುಳಿಯಿರಿ. ಬಿಗಿ ಹಿಡಿದ ಎಂಜಿನ್ ಸಡಿಲವಾಗುತ್ತದೆ. ಆಮೇಲೆ ಚೋಕ್ ಎಳೆದು, ಕೀ ತಿರುಗಿಸಿ, ಆಕ್ಸಿಲರೇಟರ್ ಮುಟ್ಟದೆ ಕಿಕ್ ಹೊಡೆಯಿರಿ. ಸ್ಟಾರ್ಟ್ ಆಗಿ ಒಂದು ನಿಮಿಷದೊಳಗೆ ಚೋಕ್ ತೆಗೆಯಲು ಮರೆಯಬೇಡಿ.

* 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ನಂತರದ ಗಾಡಿಗಳು ಬಹುತೇಕ ಫ್ಯೂಯೆಲ್ ಇಂಜೆಕ್ಷನ್‌ನವು. ಅವುಗಳಲ್ಲಿ ಚೋಕ್ ಹುಡುಕಬೇಡಿ! ಕೀ ಆನ್ ಮಾಡಿ ಎರಡು ಮೂರು ಸೆಕೆಂಡ್ ಸುಮ್ಮನಿರಿ. ಪಂಪಿನ 'ಝುಂಯ್' ಸದ್ದು ನಿಂತ ಮೇಲೆ ಬ್ರೇಕ್ ಹಿಡಿದು ಸೆಲ್ಫ್ ಒತ್ತಿ.

* ಸೆಲ್ಫ್ ಬಟನ್ ಐದು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ. ಹದಿನೈದು ಸೆಕೆಂಡ್ ಬಿಟ್ಟು ಮತ್ತೆ ಒತ್ತಿ. ಮೂರು ಸಲಕ್ಕೂ ಆಗದಿದ್ದರೆ ಕಿಕ್ ಇರುವ ಗಾಡಿಯಲ್ಲಿ ಕಿಕ್ ಹೊಡೆಯುವುದೇ ವಾಸಿ. ಒಂದೇ ಸಮ ಒತ್ತಿದರೆ ಉಳಿದ ಚಾರ್ಜೂ ಖಾಲಿ.

* ಪೆಟ್ರೋಲ್ ವಾಸನೆ ಬಂದರೆ ಚೋಕ್ ಹೆಚ್ಚಾಗಿದೆ ಎಂದು ಅರ್ಥ. ಚೋಕ್ ತೆಗೆದು ಹತ್ತು ನಿಮಿಷ ಬಿಡಿ. ಆಮೇಲೆ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ನಾಲ್ಕು ಕಿಕ್ ಹೊಡೆಯಿರಿ, ಹತ್ತಿಕೊಂಡ ಕೂಡಲೇ ಆಕ್ಸಿಲರೇಟರ್ ಬಿಟ್ಟುಬಿಡಿ.

* ಸ್ಟಾರ್ಟ್ ಆದ ಕೂಡಲೇ 'ಭರ್ರ್' ಎಂದು ರೇಸ್ ಕೊಡಬೇಡಿ. ಅರ್ಧ ನಿಮಿಷ ಹಾಗೇ ಬಿಟ್ಟು, ಮೊದಲ ಒಂದೆರಡು ಕಿಲೋಮೀಟರ್ ನಿಧಾನ ಹೋಗಿ. ಸೈಲೆನ್ಸರಿನಿಂದ ಬಿಳಿ ಹಬೆ ಬಂದು ನಿಂತರೆ ಹೆದರಬೇಡಿ, ಅದು ನೀರಾವಿ. ನೀಲಿ ಹೊಗೆ ಬರುತ್ತಲೇ ಇದ್ದರೆ ಮಾತ್ರ ಮೆಕ್ಯಾನಿಕ್‌ಗೆ ತೋರಿಸಿ.

ಗೇರಿಲ್ಲದ ಸ್ಕೂಟರನ್ನು ಬೈಕಿನ ಹಾಗೆ ತಳ್ಳಿ ಸ್ಟಾರ್ಟ್ ಮಾಡಲು ಬರುವುದಿಲ್ಲ. ಸುಮ್ಮನೆ ಬೆವರು ಸುರಿಸಬೇಡಿ. ಇನ್ನು, ಪ್ಲಗ್ ಬಿಚ್ಚಿ ಗ್ಯಾಸ್ ಒಲೆಯ ಮೇಲೆ ಕಾಯಿಸುವ ಪ್ರಯೋಗ ಕೆಲವರದು. ಪೆಟ್ರೋಲಿನಲ್ಲಿ ನೆನೆದ ಪ್ಲಗ್ ಅಡುಗೆಮನೆಗೆ ಬರಲೇಬಾರದು! ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಸೀರೆ ಉಟ್ಟಿದ್ದರೆ ಕಿಕ್ ಹೊಡೆಯುವ ಮೊದಲು ಸೆರಗು, ನೆರಿಗೆ ಎರಡನ್ನೂ ಸಿಕ್ಕಿಸಿಕೊಳ್ಳಿ. ಕಾಲಲ್ಲಿ ಜಾರುವ ಚಪ್ಪಲಿ ಬೇಡ.

ಹಿಂದಿನ ರಾತ್ರಿಯೇ ತಯಾರಿ

ಗಾಡಿ ಮರದಡಿ ಬೇಡ, ಚಾವಡಿಯಲ್ಲೋ ಮಾಡಿನ ಕೆಳಗೋ ಇರಲಿ. ಬರೀ ಪ್ಲಾಸ್ಟಿಕ್ ಹೊದೆಸಿದರೆ ಒಳಗೇ ತೇವ ನಿಲ್ಲುತ್ತದೆ. ಒಂದು ಹಳೆಯ ಹತ್ತಿ ಸೀರೆ ಹೊದೆಸಿ ಮೇಲೆ ಕವರ್ ಹಾಕಿ. ಟ್ಯಾಂಕ್ ತೀರಾ ಖಾಲಿ ಬಿಡಬೇಡಿ, ಖಾಲಿ ಜಾಗದಲ್ಲಿ ನೀರಿನ ಹನಿ ಕಟ್ಟುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೂ ಎಥೆನಾಲ್ ಇರುತ್ತದೆ. ಅದು ತೇವ ಹೀರುವ ಗುಣದ್ದು. ಆದ್ದರಿಂದ ಪೆಟ್ರೋಲನ್ನು ತಿಂಗಳುಗಟ್ಟಲೆ ಟ್ಯಾಂಕಿನಲ್ಲೇ ಕೊಳೆಸಬಾರದು.

ಬ್ಯಾಟರಿಯ ತುದಿಯಲ್ಲಿ ಬಿಳಿ-ಹಸಿರು ಪುಡಿ ಕಟ್ಟಿದೆಯೇ? ಕರಾವಳಿಯಲ್ಲಿ ಇದು ಮಾಮೂಲು. ಮೈನಸ್ ವಯರ್ ಮೊದಲು ಬಿಚ್ಚಿ. ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಹಳೆಯ ಟೂತ್‌ಬ್ರಶ್ ಅದ್ದಿ ಉಜ್ಜಿ, ಚೆನ್ನಾಗಿ ಒಣಗಿಸಿ. ಪ್ಲಸ್ ವಯರ್ ಮೊದಲು, ಮೈನಸ್ ಕೊನೆಗೆ ಕೂರಿಸಿ, ಮೇಲೆ ಚೂರು ವ್ಯಾಸಲೀನ್ ಸವರಿ. ಕೈ ಆಡಿಸಲು ಭಯವಾದರೆ ಮೆಕ್ಯಾನಿಕ್ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿಕೊಳ್ಳಿ.

ವಾರಗಟ್ಟಲೆ ತವರಿಗೆ ಹೋಗುವವರಿದ್ದರೆ ಮನೆಯವರಿಗೆ ಹೇಳಿ ಹೋಗಿ. ನಿಂತಲ್ಲೇ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಬ್ಯಾಟರಿ ತುಂಬುವುದಿಲ್ಲ. ಎರಡು ಮೂರು ದಿನಕ್ಕೊಮ್ಮೆ ಹದಿನೈದು ಇಪ್ಪತ್ತು ನಿಮಿಷ ಓಡಿಸಬೇಕು. ಆಯಿಲ್ ಬದಲಿಸುವಾಗ ಡಬ್ಬಿಯ ಮೇಲಿನ ಅಂಕಿ ಓದಿ. 10ಡಬ್ಲ್ಯೂ-30 ಎಂದಿದ್ದರೆ ಆ 'ಡಬ್ಲ್ಯೂ' ಎಂದರೆ ಚಳಿಗಾಲ. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ಚಳಿಯಲ್ಲಿ ಎಣ್ಣೆ ಚೆನ್ನಾಗಿ ಹರಿಯುತ್ತದೆ. ಹಾಗೆಂದು ನಿಮ್ಮ ಮನಸ್ಸಿಗೆ ಬಂದದ್ದಲ್ಲ, ಗಾಡಿಯ ಪುಸ್ತಕದಲ್ಲಿ ಬರೆದದ್ದನ್ನೇ ಹಾಕಿಸಿ.

ಹೊಸ ಗಾಡಿ ಬಂದಾಗ ಗಣಪತಿಯ ಮುಂದೆ ನಿಲ್ಲಿಸಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಪಂಚಕಜ್ಜಾಯ ಹಂಚುತ್ತೇವೆ. ವಿಘ್ನ ಬಾರದಿರಲಿ ಎಂಬ ಪ್ರಾರ್ಥನೆ ಸರಿಯೇ. ಅದರ ಜೊತೆಗೆ ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ಚೋಕ್ ಎಲ್ಲಿದೆ, ಬ್ಯಾಟರಿ ಎಲ್ಲಿದೆ, ಕಿಕ್ ಹೇಗೆ ಎಂದು ನೀವೇ ಒಮ್ಮೆ ಮಾಡಿ ನೋಡಿ. ಮನೆಯಲ್ಲಿ ಗಾಡಿ ಓಡಿಸುವ ಮಗಳಿದ್ದರೆ ಅವಳನ್ನೂ ಪಕ್ಕಕ್ಕೆ ಕರೆಯಿರಿ.