ತಾಮ್ರಪಟ್ಟಿಯ ಅಗಲ

ಎರಡು ತಂತಿಗಳಿದ್ದರೆ ವಿದ್ಯುತ್ತನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದೆಂದು ನಾವು ಶಾಲೆಯಲ್ಲಿ ಕಲಿತಿರುವೆವು. ಮನೆಯ ದೀಪದ ಮಟ್ಟಿಗೆ ಇದು ನಿಜ. ಸೆಕೆಂಡಿಗೆ 50 ಸಲ ಕಂಪಿಸುವ ಆ ವಿದ್ಯುತ್ತಿನ ತರಂಗದ ಉದ್ದ 6,000 ಕಿಲೋಮೀಟರು. ಅದರ ಮುಂದೆ ಹತ್ತು ಮಾರು ತಂತಿ ಯಾವ ಲೆಕ್ಕ! ಆದರೆ ವೈ-ಫೈ ಉಪಕರಣದಲ್ಲಿ ಸೆಕೆಂಡಿಗೆ 240 ಕೋಟಿ ಸಲ ಕಂಪಿಸುವ ಸೂಕ್ಷ್ಮತರಂಗದ ಉದ್ದ ಗಾಳಿಯಲ್ಲಿ 12.5 ಸೆಂಟಿಮೀಟರು ಮಾತ್ರ. ಅಲ್ಲಿ ವಾಹಕದ ಒಂದೊಂದು ಮಿಲಿಮೀಟರಿಗೂ ಲೆಕ್ಕ ಒಪ್ಪಿಸಬೇಕಾಗುವುದು.

ಎರಡನೆಯ ಮಹಾಯುದ್ಧದ ಕಾಲದ ರೇಡಾರುಗಳಲ್ಲಿ ಇಂಥ ತರಂಗಗಳನ್ನು ಟೊಳ್ಳಾದ ಲೋಹದ ಕೊಳವೆಗಳೊಳಗೆ ನಡೆಸುತ್ತಿದ್ದರು. ಅವು ಉತ್ತಮವಾದುವೇ, ಆದರೆ ಭಾರವೂ ಬೆಲೆಯೂ ಹೆಚ್ಚು. 1952ರಲ್ಲಿ ಅಮೆರಿಕದ ಗ್ರೀಗ್ ಮತ್ತು ಎಂಗೆಲ್ಮನ್ ಎಂಬವರು ಮೈಕ್ರೊಸ್ಟ್ರಿಪ್ ಎಂಬ ಚಪ್ಪಟೆಯಾದ ವಾಹಕವನ್ನು ವಿವರಿಸಿದರು. ಅವಾಹಕ ಹಲಗೆಯೊಂದರ ಕೆಳಮೈಗೆಲ್ಲ ತಾಮ್ರದ ತಗಡು, ಮೇಲ್ಮೈಯಲ್ಲಿ ತಾಮ್ರದ ಒಂದು ಪಟ್ಟಿ, ಅದರ ರಚನೆಯೆಲ್ಲ ಇಷ್ಟೇ.

ಹಲಗೆಯನ್ನು ಆರಿಸಿಕೊಂಡ ಮೇಲೆ ಪಟ್ಟಿಯ ಅಗಲವೇ ಅದರ ಇಂಪಿಡೆನ್ಸನ್ನು, ಎಂದರೆ ಸಾಗುವ ತರಂಗದ ವೋಲ್ಟೇಜಿಗೂ ಪ್ರವಾಹಕ್ಕೂ ಇರುವ ಅನುಪಾತವನ್ನು, ನಿರ್ಣಯಿಸುವುದು. 1.6 ಮಿಲಿಮೀಟರು ದಪ್ಪದ ಗಾಜುನಾರಿನ ಹಲಗೆಯಲ್ಲಿ ಸುಮಾರು 3 ಮಿಲಿಮೀಟರು ಅಗಲದ ಪಟ್ಟಿಗೆ 50 ಓಮ್ ಬರುವುದು; ಸುಮಾರು 0.7 ಮಿಲಿಮೀಟರಿನ ಪಟ್ಟಿಗೆ 100 ಓಮ್. ಇವೆರಡನ್ನು ನೇರವಾಗಿ ಜೋಡಿಸಿದರೆ ಬಂದ ಶಕ್ತಿಯಲ್ಲಿ ಒಂಬತ್ತನೆಯ ಒಂದು ಪಾಲು ಸಂಧಿಯಿಂದಲೇ ಹಿಂದಿರುಗುವುದು. ನಡುವೆ ಸುಮಾರು 71 ಓಮಿನ, ಕಾಲು ತರಂಗದಷ್ಟು ಉದ್ದದ ತುಂಡನ್ನಿಟ್ಟರೆ ಆ ಪ್ರತಿಫಲನ ಅಡಗುವುದು.

ಕಾಲು ತರಂಗವೆಂದರೆ ಎಷ್ಟು? ಹೊಸಬರು ಎಡವುವುದು ಇಲ್ಲಿಯೇ. ಈ ಹಲಗೆಯ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 4.4, ಗಾಳಿಯದು 1. ಪಟ್ಟಿಯ ಕೆಳಗೆ ಹಲಗೆ, ಮೇಲೆ ಬರಿಯ ಗಾಳಿ. ತರಂಗವು ಬಹುಪಾಲು ಹಲಗೆಯೊಳಗೆ, ಉಳಿದಷ್ಟು ಗಾಳಿಯಲ್ಲಿ ಸಾಗುವುದು. ಹೊಳೆಯ ನೀರಿನಲ್ಲಿ ಒಂದು ಕಾಲು, ದಡದ ಮೇಲೆ ಒಂದು ಕಾಲು ಇಟ್ಟು ನಡೆಯುವವನ ವೇಗದಂತೆ ಇದರ ವೇಗವೂ ಎರಡರ ನಡುವಿನದು. ಆದುದರಿಂದ ಲೆಕ್ಕಕ್ಕೆ ಹಿಡಿಯಬೇಕಾದ ಸ್ಥಿರಾಂಕ ಸುಮಾರು 3.3. 12.5ನ್ನು ಅದರ ವರ್ಗಮೂಲದಿಂದ ಭಾಗಿಸಿದರೆ ಪಟ್ಟಿಯ ಮೇಲಣ ತರಂಗದ ಉದ್ದ 6.9 ಸೆಂಟಿಮೀಟರು, ಅದರ ಕಾಲುಭಾಗ 1.7. ಗಾಳಿಯನ್ನು ಮರೆತು 4.4ನ್ನೇ ನಂಬಿದವನಿಗೆ 1.5 ದೊರೆಯುವುದು. ಎರಡೇ ಮಿಲಿಮೀಟರಿನ ಕೊರತೆಯೆಂದು ಉಪೇಕ್ಷಿಸುವಂತಿಲ್ಲ: 240 ಕೋಟಿ ಕಂಪನಗಳಿಗೆಂದು ಮಾಡಿದ ಶೋಧಕವು 275 ಕೋಟಿಯ ಸುಮಾರಿಗೆ ಹೊಂದಿಕೊಂಡು ನಿಲ್ಲುವುದು. ಇಂಥದೊಂದು ಹಲಗೆಯನ್ನು ಕೈಯಾರೆ ಕೆಡಿಸಿದ ಅನುಭವ ನಮಗೂ ಉಂಟು.

ಈ ಲೆಕ್ಕಕ್ಕೆ ಬೇಕಾದ ಸೂತ್ರಗಳನ್ನು ಹೆರಾಲ್ಡ್ ವ್ಹೀಲರ್ 1965ರಲ್ಲಿ ಪ್ರಕಟಿಸಿದನು. ಈಗ ಗಣಕಯಂತ್ರವು ಕಣ್ಣೆವೆ ಇಕ್ಕುವಷ್ಟರಲ್ಲಿ ಉತ್ತರ ಕೊಡುವುದು. ಆದರೆ ಗಾಜುನಾರಿನ ಹಲಗೆಯ ಸ್ಥಿರಾಂಕ ಕಂತಿನಿಂದ ಕಂತಿಗೆ ಬದಲಾಗುವುದನ್ನು ಗಣಕಯಂತ್ರವು ಹೇಗೆ ಅರಿಯಬೇಕು? ಬಲ್ಲವರು ಮೊದಲು ಅದೇ ಹಲಗೆಯ ಮೇಲೆ ತಿಳಿದ ಉದ್ದದ ಪಟ್ಟಿಯೊಂದನ್ನು ಕೊರೆದು, ಅದು ಯಾವ ಕಂಪನಕ್ಕೆ ಅನುರಣಿಸುವುದೆಂದು ಅಳೆದು, ಆ ಬಳಿಕವೇ ನಿಜವಾದ ಮಂಡಲದ ಅಗಲ ಉದ್ದಗಳನ್ನು ನಿಶ್ಚಯಿಸುವರು.