ತಾನಾಗಿ ಕೈಗೇರುವ ಹಕ್ಕಿ

ಇನ್ನೊಂದು ಮನೆಯಲ್ಲಿ ಬೆಳೆದು, ಅಲ್ಲಿಯವರ ದನಿಯನ್ನೂ ಹೆಜ್ಜೆಯ ಸಪ್ಪಳವನ್ನೂ ತನ್ನವೆಂದೇ ಬಗೆದು, ಒಂದು ದಿನ ಕಾರಣವರಿಯದೆ ಪಂಜರಸಮೇತ ಅಪರಿಚಿತರ ಜಗಲಿಗೆ ಬಂದಿಳಿದ ಬಿಳಿಯ ಕಾಕಟೂ ಹಕ್ಕಿಗೆ ಆ ದಿನ ಬಂಧುವಿಯೋಗದ ದಿನವೇ ಸರಿ. ನಮ್ಮ ಮನೆಗೆ ಅಂಥದೊಂದು ಹಕ್ಕಿ ಬಂದಾಗ ಮಕ್ಕಳು ಹಣ್ಣು ಹಿಡಿದು ಪಂಜರವನ್ನು ಸುತ್ತುವರಿದರು. ಅದು ಹಿಂದಿನ ಮೂಲೆಗೆ ಸರಿದು, ಗರಿಗಳನ್ನೆಲ್ಲ ಮೈಗೆ ಬಿಗಿದುಕೊಂಡು ನಿಶ್ಚಲವಾಗಿ ನಿಂತಿತು. ಆ ಮೌನವನ್ನು ನಾವು ಸಾಧುಸ್ವಭಾವವೆಂದು ತಿಳಿದೆವು. ಅದು ಭಯವೆಂದು ಅರಿಯಲು ಕೆಲವು ದಿನಗಳೇ ಬೇಕಾದವು.

ಈ ಬಿಳಿಯ ಕಾಕಟೂವಿನ ತೌರು ಇಂಡೊನೇಷ್ಯದ ಉತ್ತರ ಮಲುಕು ದ್ವೀಪಗಳು. ಅಲ್ಲಿಯ ಕಾಡಿನಲ್ಲಿ ಸಂಗಾತಿಯೊಡನೆಯೋ ಗುಂಪಿನೊಡನೆಯೋ ಬಾಳುವ ಈ ಜೀವಕ್ಕೆ ಏಕಾಂತವೆಂಬುದು ಅಪಾಯದ ಇನ್ನೊಂದು ಹೆಸರು. ಮೇಲಿನಿಂದ ಎರಗುವುದೆಲ್ಲ ಗಿಡುಗ, ಎದುರಿನಿಂದ ನೆಟ್ಟನೋಟದಲ್ಲಿ ಸಮೀಪಿಸುವುದೆಲ್ಲ ಬೇಟೆಗಾರ. ಆದುದರಿಂದ ಅದರ ಬಳಿಗೆ ಹೋಗುವಾಗ ತಲೆಯ ಮೇಲಿನಿಂದ ಕೈ ಚಾಚದೆ, ತುಸು ಓರೆಯಾಗಿ, ಮೆಲುದನಿಯಲ್ಲಿ ಮಾತನಾಡುತ್ತ ಹೋಗಬೇಕು. ಪಂಜರವನ್ನು ಮನೆಯವರು ಕೂರುವ ಕೋಣೆಯಲ್ಲಿ, ಒಂದು ಬದಿಯಾದರೂ ಗೋಡೆಗೆ ತಾಗಿರುವಂತೆ ಇಡಬೇಕು. ಅಡುಗೆಮನೆ ಮಾತ್ರ ಕೂಡದು. ಅತಿಯಾಗಿ ಕಾದ ನಾನ್‌ಸ್ಟಿಕ್ ಬಾಣಲೆಯಿಂದೇಳುವ ಅನಿಲ ಹಕ್ಕಿಗಳಿಗೆ ಪ್ರಾಣಾಂತಿಕ. ರಾತ್ರಿ 10ರಿಂದ 12 ಗಂಟೆಗಳ ಕತ್ತಲೆಯ ನಿದ್ರೆ ದೊರೆಯದಿದ್ದರೆ ಅದರ ಮನಸ್ಸು ಕೆರಳುತ್ತದೆ. ಕೆರಳಿದ ಮನಸ್ಸಿನಲ್ಲಿ ವಿಶ್ವಾಸ ಮೊಳೆಯದು.

ಮೊದಲ ವಾರ ನಾನು ಮಾಡಿದುದಿಷ್ಟೆ: ದಿನವೂ ಒಂದೇ ಹೊತ್ತಿಗೆ ಪಂಜರದಿಂದ ನಾಲ್ಕು ಮಾರು ದೂರದಲ್ಲಿ ಕುಳಿತು ಪತ್ರಿಕೆಯನ್ನು ಗಟ್ಟಿಯಾಗಿ ಓದಿದೆ. ಕ್ರಮೇಣ ಅದರ ಭಾಷೆ ತಿಳಿಯತೊಡಗಿತು. ಛತ್ರಿಯಂತೆ ಬಿಚ್ಚುವ ಆ ಜುಟ್ಟು ಹರ್ಷಕ್ಕೂ ಏಳುತ್ತದೆ, ಬೆದರಿಕೆಗೂ ಏಳುತ್ತದೆ. ಅರ್ಥವಿರುವುದು ಮೈಯ ಉಳಿದ ಭಾಗದಲ್ಲಿ. ಜುಟ್ಟೆದ್ದು ಮೈ ಸೆಟೆದು, ಕೊಕ್ಕು ತೆರೆದು ಬುಸುಗುಟ್ಟಿದರೆ ದೂರವಿರೆಂದು ಸಾರಿದಂತೆ; ಜುಟ್ಟು ಮಲಗಿ, ಕೆನ್ನೆಯ ಗರಿಗಳು ಕೊಕ್ಕಿನ ಮೇಲೆ ಹರಡಿ, ಒಂದು ಕಾಲು ಹೊಟ್ಟೆಯೊಳಗೆ ಅಡಗಿದರೆ ಮನಸ್ಸು ನೆಮ್ಮದಿಯಲ್ಲಿದೆಯೆಂದು ತಿಳಿಯಬಹುದು.

ಬಟ್ಟಲಿನಲ್ಲಿ ಅದು ಮೊದಲು ಆಯ್ದುಕೊಳ್ಳುವುದು ಅಕ್ರೋಟಿನ ಚೂರನ್ನೆಂದು ಕಂಡುಕೊಂಡು, ಅದನ್ನು ನಿತ್ಯದ ಆಹಾರದಿಂದ ತೆಗೆದು, ಹಕ್ಕಿಯನ್ನು ಒಲಿಸಿಕೊಳ್ಳುವ ಹೊತ್ತಿಗೆಂದೇ ಮೀಸಲಿಟ್ಟೆ. ಮೊದಲು ಚೂರನ್ನು ಬಟ್ಟಲಿಗೆ ಹಾಕಿ ಹಿಂದೆ ಸರಿಯುವುದು, ಬಳಿಕ ಕಂಬಿಗಳ ನಡುವೆ ಹಿಡಿಯುವುದು, ಆಮೇಲೆ ಬಾಗಿಲು ತೆರೆದು ಅಂಗೈಯಲ್ಲಿ ನೀಡುವುದು. ಹಕ್ಕಿ ಹಿಂಜರಿದರೆ ನಾವೂ ಒಂದು ಮೆಟ್ಟಿಲು ಕೆಳಗಿಳಿಯುವುದು. ಅದರ ನಿರಾಕರಣೆಗೆ ಬೆಲೆಯುಂಟೆಂದು ತೋರಿಸಿಕೊಡುವುದೇ ಈ ಸಾಧನೆಯ ತಿರುಳು. ಬಟ್ಟೆ ಸುತ್ತಿ ಬಲವಂತದಿಂದ ಹಿಡಿದರೆ ತಿಂಗಳ ಶ್ರಮ ಕ್ಷಣದಲ್ಲಿ ಅಳಿದೀತು. ಎರಡನೆಯ ತಿಂಗಳಲ್ಲಿ ಅದು ನನ್ನ ಬೆರಳನ್ನು ರಕ್ತ ಬರುವಂತೆ ಕಚ್ಚಿತು. ಗದರಿದ್ದರೆ ಆ ಗದ್ದಲವೇ ಅದಕ್ಕೆ ಆಟವಾಗುತ್ತಿತ್ತು ಅಥವಾ ಭಯವಾಗುತ್ತಿತ್ತು; ಸುಮ್ಮನೆ ದೂರ ಸರಿದು ನೆನೆದುಕೊಂಡಾಗ, ಸೆಟೆದ ಕತ್ತಿನ ಎಚ್ಚರಿಕೆಯನ್ನು ನಾನು ಕಂಡೂ ಕಡೆಗಣಿಸಿದ್ದೆನೆಂಬುದು ಹೊಳೆಯಿತು.

ಪ್ರೀತಿಗೂ ಮರ್ಯಾದೆಯೊಂದುಂಟು. ತಲೆ, ಕತ್ತುಗಳನ್ನು ಮಾತ್ರ ಸವರಬೇಕು; ಬೆನ್ನನ್ನೂ ರೆಕ್ಕೆಯಡಿಯನ್ನೂ ಸವರಿದರೆ ಹಕ್ಕಿ ಅದನ್ನು ಸಂಗಾತಿಯ ಪ್ರಣಯವೆಂದೇ ಗ್ರಹಿಸಿ, ಆ ಪ್ರಣಯ ಮುಂದುವರಿಯದಾಗ ಕೂಗಾಟಕ್ಕೂ ಗರಿ ಕಿತ್ತುಕೊಳ್ಳುವುದಕ್ಕೂ ಇಳಿದೀತು. ಒಬ್ಬರನ್ನೇ ಅಂಟಿಕೊಳ್ಳುವ ಹಕ್ಕಿ ಅವರಿಲ್ಲದ ಗಳಿಗೆಯಲ್ಲಿ ಅನಾಥವಾಗುವುದರಿಂದ, ಮನೆಯವರೆಲ್ಲರೂ ಸರದಿಯಲ್ಲಿ ಅಕ್ರೋಟು ನೀಡುವುದು ವಿಹಿತ. ಬೆಣ್ಣೆಹಣ್ಣು, ಚಾಕೊಲೇಟುಗಳು ಅದಕ್ಕೆ ವಿಷವೆಂಬುದನ್ನು ಮಕ್ಕಳಿಗೂ ತಿಳಿಸಿರಬೇಕು.

ಈ ವಿಶ್ವಾಸದ ಆಯುಷ್ಯವೆಷ್ಟೆಂಬುದನ್ನು ಅರಿಯಲು ಷಿಕಾಗೊ ಸಮೀಪದ ಬ್ರೂಕ್‌ಫೀಲ್ಡ್ ಮೃಗಾಲಯದ ಕುಕಿಯನ್ನು ನೆನೆಯಬೇಕು. 1934ರಲ್ಲಿ, ಮೃಗಾಲಯ ತೆರೆದ ವರ್ಷವೇ ಅಲ್ಲಿಗೆ ಬಂದ ಆ ಮೇಜರ್ ಮಿಚೆಲ್ ಕಾಕಟೂ 2016ರಲ್ಲಿ, ತನ್ನ 83ನೆಯ ವಯಸ್ಸಿನಲ್ಲಿ, ಕಣ್ಮುಚ್ಚಿತು. 2009ರಲ್ಲಿ ಅದನ್ನು ಪ್ರದರ್ಶನದಿಂದ ಬಿಡುಗಡೆಗೊಳಿಸಿ ಪಾಲಕರ ಕೊಠಡಿಯಲ್ಲಿ ಇರಿಸಿದ ಮೇಲೆ ಅದರ ಹಸಿವೂ ಉಲ್ಲಾಸವೂ ಹೆಚ್ಚಿದುವಂತೆ. ಮುಪ್ಪಿನಲ್ಲಿ ಅದಕ್ಕೆ ಬೇಕಾದುದು ಪರಿಚಿತರ ಸಾನ್ನಿಧ್ಯ.

ನಾಲ್ಕನೆಯ ತಿಂಗಳ ಒಂದು ಸಂಜೆ ನಮ್ಮ ಹಕ್ಕಿ, ಚಾಚಿದ ನನ್ನ ಮುಂಗೈಯ ಮೇಲೆ ಒಂದು ಪಾದವನ್ನಿಟ್ಟು, ಹಿಂದೆಗೆದು, ಮತ್ತೆ ಇಟ್ಟು, ಕಡೆಗೆ ಎರಡನ್ನೂ ಊರಿ ನಿಂತಿತು. ನನಗೀಗ ಐವತ್ತೆಂಟು, ಅದಕ್ಕೆ ಇನ್ನೂ ಹತ್ತು. ಅದಕ್ಕೆಂದೇ ಮರುದಿನದಿಂದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪತ್ರಿಕೆಯನ್ನು ಅವಳ ಕೈಗೆ ಕೊಟ್ಟೆ. ಹಕ್ಕಿ ಕತ್ತು ಓರೆಮಾಡಿ ಹೊಸ ದನಿಯನ್ನು ಆಲಿಸಿತು.